ಎಡವುತ್ತಿರುವ ಹುಡುಗನನ್ನು ತಂಡ ಇಟ್ಟುಕೊಳ್ಳಬೇಕಾ, ಬಿಡಬೇಕಾ? ಪದೇ ಪದೇ ಕೇಳುವ ಪ್ರಶ್ನೆಗಳು

ಅಮೆರಿಕದ ವೃತ್ತಿಪರ ಲೀಗಾದ ಎನ್‌ಬಿಎ ಬಾಸ್ಕೆಟ್‌ಬಾಲ್ ನೋಡುವವರ ಮಾತುಕತೆಯಲ್ಲಿ ಈ ವಿಷಯ ಪ್ರತಿ ಸೀಸನ್ನಿನಲ್ಲೂ ಬರುತ್ತದೆ. ಹೆಸರು ಬದಲಾಗುತ್ತದೆ, ಜಗಳ ಅದೇ. ಮತ್ತೆ ಮತ್ತೆ ಕೇಳಿಬಂದ ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಲ್ಲಿ ಇಟ್ಟಿದ್ದೇನೆ. ಮೊದಲು ಸುಲಭದವು, ಆಮೇಲೆ ಆಟದವು, ಕೊನೆಗೆ ಒಪ್ಪಂದ ಮತ್ತು ಸಂಬಳದ ಗಂಟುಗಳು.

## ಶುರುವಿನ ಪ್ರಶ್ನೆಗಳು

ಮೊದಲ ಸೀಸನ್ನೇ ಠುಸ್. ಇವನನ್ನು ಇನ್ನೂ ಇಟ್ಕೊಂಡು ಏನು ಪ್ರಯೋಜನ?

ಇಬ್ಬರ ಮೊದಲ ಸೀಸನ್ ನೋಡಿ. ಒಬ್ಬ 52 ಪಂದ್ಯ ಆಡಿದ, ಪಂದ್ಯಕ್ಕೆ ಸರಾಸರಿ 4.2 ಪಾಯಿಂಟ್. ಇನ್ನೊಬ್ಬ 55 ಪಂದ್ಯ ಆಡಿದ, ಅವನದೂ 4.2 ಪಾಯಿಂಟೇ. ಮೊದಲನೆಯವನು ಆಂಥೊನಿ ಬೆನೆಟ್. 2013ರ ಡ್ರಾಫ್ಟಿನಲ್ಲಿ, ಅಂದರೆ ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸಿಕೊಳ್ಳುವಾಗ, ಎಲ್ಲರಿಗಿಂತ ಮೊದಲು ಆಯ್ಕೆಯಾದವನು. ನಾಲ್ಕು ಸೀಸನ್ನಿನಲ್ಲಿ ನಾಲ್ಕು ತಂಡ ಸುತ್ತಿ ಎನ್‌ಬಿಎಯಿಂದಲೇ ಹೊರಗೆ ಹೋದ. ಎರಡನೆಯವನು ಪ್ಯಾಸ್ಕಲ್ ಸಿಯಾಕಮ್, 2016ರ 27ನೇ ಆಯ್ಕೆ. 2019ರಲ್ಲಿ ಟೊರಾಂಟೊ ಚಾಂಪಿಯನ್ ಆದಾಗ ತಂಡದ ಮುಖ್ಯ ಆಟಗಾರರಲ್ಲಿ ಅವನೂ ಒಬ್ಬ. ಆ ವರ್ಷ ಅತಿ ಹೆಚ್ಚು ಸುಧಾರಿಸಿದ ಆಟಗಾರ ಅನ್ನುವ ಪ್ರಶಸ್ತಿಯೂ ಅವನಿಗೇ ಬಂತು.

ಪಾಯಿಂಟ್ ಲೆಕ್ಕದಲ್ಲಿ ಇಬ್ಬರೂ ಒಂದೇ. ಸ್ವಲ್ಪ ಒಳಗೆ ನೋಡಿದರೆ ವ್ಯತ್ಯಾಸ ಆಗಲೇ ಇತ್ತು. ಸಿಯಾಕಮ್ ಎಸೆದದ್ದರಲ್ಲಿ ಅರ್ಧದಷ್ಟು ಬೀಳುತ್ತಿತ್ತು. ಬೆನೆಟ್‌ನದು 36 ಪರ್ಸೆಂಟಿನ ಆಸುಪಾಸು. ಒಬ್ಬ ತನಗೆ ಆಗುವುದನ್ನಷ್ಟೇ ಮಾಡುತ್ತಿದ್ದ, ಇನ್ನೊಬ್ಬನಿಗೆ ತನ್ನ ಕೆಲಸ ಏನು ಅಂತಲೇ ಗೊತ್ತಾಗಿರಲಿಲ್ಲ.

ಹಾಗಂತ ಕಳಪೆ ಶುರು ಒಳ್ಳೆಯ ಲಕ್ಷಣ ಏನಲ್ಲ. ಡರ್ಕ್ ನೊವಿಟ್ಸ್ಕಿ ಮೊದಲ ವರ್ಷ 8.2 ಪಾಯಿಂಟ್, ಯಾನಿಸ್ ಆಂಟೆಟೊಕೌಂಪೊ 6.8 ಪಾಯಿಂಟ್ ಅಂತ ಜನ ಉದಾಹರಣೆ ಕೊಡುತ್ತಾರೆ. ನಿಜ, ಇಬ್ಬರೂ ಮುಂದೆ ಲೀಗಿನ ಅತ್ಯುತ್ತಮ ಆಟಗಾರರಾದರು. ಆದರೆ ಹೀಗೆ ಶುರು ಮಾಡಿ ಹಾಗೇ ಉಳಿದವರ ಪಟ್ಟಿಯನ್ನು ಯಾರೂ ಬಾಯಿಪಾಠ ಮಾಡಿಕೊಂಡಿಲ್ಲ, ಅಷ್ಟೇ.

ಎಷ್ಟು ವರ್ಷ ಕಾಯಬೇಕು? ಒಂದು ಲೆಕ್ಕ ಹೇಳಿಬಿಡಿ.

ಲೆಕ್ಕ ಒಪ್ಪಂದದಲ್ಲೇ ಇದೆ. ಮೊದಲ ಸುತ್ತಿನಲ್ಲಿ ಆಯ್ಕೆಯಾದವನ ಒಪ್ಪಂದ ನಾಲ್ಕು ವರ್ಷದ್ದು. ಮೊದಲ ಎರಡು ವರ್ಷದ ಸಂಬಳ ಗ್ಯಾರಂಟಿ. ಮೂರನೆಯದು, ನಾಲ್ಕನೆಯದು ತಂಡದ ಇಷ್ಟ. ಇದಕ್ಕೆ ಆಪ್ಷನ್ ಅನ್ನುತ್ತಾರೆ.

ವಿಚಿತ್ರ ಏನೆಂದರೆ, ಮೂರನೇ ವರ್ಷ ಬೇಕೋ ಬೇಡವೋ ಅಂತ ಎರಡನೇ ಸೀಸನ್ ಶುರುವಾಗುತ್ತಿದ್ದ ಹಾಗೆ, ಅಕ್ಟೋಬರ್ 31ರೊಳಗೆ ಹೇಳಬೇಕು. ಅಂದರೆ ಕೈಯಲ್ಲಿರುವುದು ಒಂದೇ ಸೀಸನ್ನಿನ ಆಟ. ನಾಲ್ಕನೆಯದಕ್ಕೆ ಇನ್ನೊಂದು ವರ್ಷ ಬಿಟ್ಟು, ಅದೇ ತಾರೀಖಿಗೆ ಗಡುವು.

ನನ್ನ ಪ್ರಕಾರ ಮೂರನೇ ವರ್ಷಕ್ಕೆ ಹೂಂ ಅನ್ನುವುದರಲ್ಲಿ ಜಾಸ್ತಿ ಯೋಚಿಸುವುದೇ ಬೇಡ. ಹತ್ತೊಂಬತ್ತರ ಹುಡುಗನ ಮೇಲೆ ಒಂದು ಸೀಸನ್ ನೋಡಿ ತೀರ್ಪು ಕೊಡುವುದು ಅವಸರ. ನಿಜವಾದ ಪ್ರಶ್ನೆ ನಾಲ್ಕನೇ ವರ್ಷದ್ದು. ಅಷ್ಟು ಹೊತ್ತಿಗೆ ಎರಡು ಪೂರ್ತಿ ಸೀಸನ್, ಎರಡು ಬೇಸಿಗೆಯ ತರಬೇತಿ ಆಗಿರುತ್ತದೆ. ಬೇಸಿಗೆಯಲ್ಲಿ ಕಲಿಯಲು ಹೇಳಿದ್ದರಲ್ಲಿ ಒಂದಾದರೂ ಪಂದ್ಯದಲ್ಲಿ ಕಾಣಬೇಕು.

ಎರಡನೇ ಸುತ್ತಿನವರಿಗೆ ಈ ರಕ್ಷಣೆ ಇಲ್ಲ. ಅವರ ಒಪ್ಪಂದ ತಂಡದ ಜೊತೆ ಮಾತಾಡಿಕೊಂಡ ಹಾಗೆ.

ನಂಬರ್ ಒನ್ ಅಂತ ಆರಿಸಿದವನನ್ನು ಅಷ್ಟು ಸುಲಭಕ್ಕೆ ಬಿಡೋಕಾಗುತ್ತಾ?

ಆಗುವುದಿಲ್ಲ, ಅದೇ ತೊಂದರೆ. 1995ರಲ್ಲಿ ಬ್ಯಾರಿ ಸ್ಟಾ ಮತ್ತು ಹಾ ಹೋಂಗ್ ಅನ್ನುವ ಇಬ್ಬರು ಸಂಶೋಧಕರು ಎನ್‌ಬಿಎ ಡ್ರಾಫ್ಟನ್ನೇ ಹಿಡಿದು ಇದನ್ನು ಅಳೆದು ನೋಡಿದರು. ಆಟ, ಗಾಯ, ಆಡುವ ಜಾಗ ಎಲ್ಲವನ್ನೂ ಲೆಕ್ಕಕ್ಕೆ ತೆಗೆದುಕೊಂಡ ಮೇಲೂ, ಮೇಲಿನ ನಂಬರಿನಲ್ಲಿ ಆಯ್ಕೆಯಾದವರಿಗೆ ಹೆಚ್ಚು ನಿಮಿಷ ಸಿಗುತ್ತಿತ್ತು. ಲೀಗಿನಲ್ಲೂ ಅವರು ಹೆಚ್ಚು ಕಾಲ ಉಳಿಯುತ್ತಿದ್ದರು. ಆರಿಸಿದವರಿಗೆ ತಮ್ಮ ಆಯ್ಕೆ ತಪ್ಪು ಅಂತ ಒಪ್ಪಿಕೊಳ್ಳಲು ಮನಸ್ಸು ಬರುವುದಿಲ್ಲ.

ಡ್ರಾಫ್ಟ್ ನಂಬರು ಆ ದಿನದ ಅಂದಾಜು, ಅಷ್ಟೇ. ಎರಡು ವರ್ಷ ಕಣ್ಣಾರೆ ನೋಡಿದ ಮೇಲೂ ಆ ಅಂದಾಜನ್ನೇ ನಂಬಿದರೆ, ನೋಡಿದ್ದು ದಂಡ. ಇದು ಎರಡೂ ಕಡೆಗೆ ಅನ್ವಯಿಸುತ್ತದೆ. 28ನೇ ಆಯ್ಕೆ ಅಂತ ತಾತ್ಸಾರ ಮಾಡುವುದೂ ಅದೇ ರೋಗ.

ಬಿಡೋದು ಅಂದ್ರೆ ಸುಮ್ನೆ ಮನೆಗೆ ಕಳಿಸೋದಾ?

ಅದು ಕೊನೆಯ ದಾರಿ. ಅದಕ್ಕೂ ಮೊದಲು ಟ್ರೇಡ್ (ಬೇರೆ ತಂಡದ ಜೊತೆ ಅದಲು ಬದಲು) ಇದೆ, ಆಪ್ಷನ್ ಬೇಡ ಅನ್ನುವುದು ಇದೆ, ಒಪ್ಪಂದ ಮುಗಿಯುವವರೆಗೆ ಸುಮ್ಮನಿರುವುದೂ ಇದೆ. ಇದ್ಯಾವುದೂ ಆಗದಿದ್ದರೆ ವೇವ್ ಮಾಡುತ್ತಾರೆ. 48 ಗಂಟೆಯೊಳಗೆ ಬೇರೆ ತಂಡ ಎತ್ತಿಕೊಳ್ಳದಿದ್ದರೆ ಆಟಗಾರ ಸ್ವತಂತ್ರ, ಗ್ಯಾರಂಟಿ ಸಂಬಳ ಮಾತ್ರ ತಂಡದ ತಲೆ ಮೇಲೇ. 2020ರ ಏಳನೇ ಆಯ್ಕೆ ಕಿಲಿಯನ್ ಹೇಯ್ಸ್‌ನನ್ನು ಡೆಟ್ರಾಯಿಟ್ 2024ರ ಫೆಬ್ರುವರಿಯಲ್ಲಿ ಹೀಗೆ ಕೈಬಿಟ್ಟಿತು. ಆಗ ಅವನಿಗೆ ನಾಲ್ಕನೇ ಸೀಸನ್. ಬದಲಿಗೆ ಏನೂ ಬರಲಿಲ್ಲ.

## ಆಟ ನೋಡುವವರ ಪ್ರಶ್ನೆಗಳು

ಶಾಟೇ ಬೀಳ್ತಿಲ್ಲ, ಮೂರು ಪಾಯಿಂಟಿನದು 28 ಪರ್ಸೆಂಟ್. ಇದು ಸರಿಹೋಗೋ ಕೇಸಾ?

ಗೆರೆಯಾಚೆ ದೂರದಿಂದ ಎಸೆಯುವ ಈ ಶಾಟನ್ನು ಎಷ್ಟು ಸಲ ಎಸೆದಿದ್ದಾನೆ ಅಂತ ಮೊದಲು ನೋಡಿ. ಅಪ್ಪಟ 35 ಪರ್ಸೆಂಟಿನ ಶೂಟರ್ 100 ಸಲ ಎಸೆದರೆ, ಬರೀ ಅದೃಷ್ಟದ ಏರಿಳಿತದಿಂದಲೇ 30ಕ್ಕೂ ನಿಲ್ಲಬಹುದು, 40ಕ್ಕೂ ನಿಲ್ಲಬಹುದು. 400 ಸಲ ಎಸೆದಾಗ ಈ ಏರಿಳಿತ ಅರ್ಧಕ್ಕೆ ಇಳಿಯುತ್ತದೆ. ನವೆಂಬರ್‌ನಲ್ಲಿ 60 ಶಾಟ್ ನೋಡಿ ಕೂಗಾಡುವವರು ಬಹುಪಾಲು ಅದೃಷ್ಟದ ಮೇಲೆ ಕೂಗಾಡುತ್ತಿರುತ್ತಾರೆ.

ಆಮೇಲೆ ಎದುರಾಳಿಯ ಫೌಲ್‌ಗೆ ಸಿಗುವ ಫ್ರೀ ಥ್ರೋ ನೋಡಿ. ಅಲ್ಲಿ ಅಡ್ಡ ಯಾರೂ ಇಲ್ಲ, ಅವಸರ ಇಲ್ಲ, ದೂರ ಯಾವಾಗಲೂ ಅಷ್ಟೇ. ಕೈ ಹೇಗಿದೆ ಅನ್ನುವುದು ಅಲ್ಲೇ ಕಾಣುತ್ತದೆ. ಜೋರ್ಡನ್ ಪೂಲ್ ಮೊದಲ ಸೀಸನ್ನಿನಲ್ಲಿ ಮೂರು ಪಾಯಿಂಟಿನ ಶಾಟ್ 28 ಪರ್ಸೆಂಟ್ ಹಾಕಿದ, ಒಟ್ಟು ಶಾಟ್ ಮೂರಕ್ಕೆ ಒಂದು. ನೋಡಲಾಗದಷ್ಟು ಕೆಟ್ಟದಾಗಿತ್ತು. ಆದರೆ ಫ್ರೀ ಥ್ರೋ 80ರ ಹತ್ತಿರ ಇತ್ತು. ಎರಡು ವರ್ಷದ ನಂತರ, 2021-22ರಲ್ಲಿ, ಅವನು ಇಡೀ ಲೀಗಿನಲ್ಲೇ ಫ್ರೀ ಥ್ರೋನಲ್ಲಿ ಮೊದಲಿಗ. ಮೂರು ಪಾಯಿಂಟಿನದೂ 36 ದಾಟಿತು, ಗೋಲ್ಡನ್ ಸ್ಟೇಟ್ ಚಾಂಪಿಯನ್ ಆಯಿತು.

ಫ್ರೀ ಥ್ರೋ 60, ಮೂರು ಪಾಯಿಂಟಿನದು 28 ಅಂತಿದ್ದರೆ ನಾನು ಅಷ್ಟು ಆಸೆ ಇಟ್ಟುಕೊಳ್ಳುವುದಿಲ್ಲ.

ಸ್ಕೋರ್ ಬಿಟ್ಟು ಇನ್ನೇನು ನೋಡಬೇಕು ಹೇಳಿ.

ಚೆಂಡು ಅವನ ಹತ್ತಿರ ಇಲ್ಲದಾಗ ಏನು ಮಾಡುತ್ತಾನೆ ನೋಡಿ. ಒಂದೇ ಒಂದು ಸನ್ನಿವೇಶ ಸಾಕು.

ಹುಡುಗ ಬಲಮೂಲೆಯಲ್ಲಿರುವ ಶೂಟರ್‌ನನ್ನು ಕಾಯುತ್ತಿದ್ದಾನೆ ಅಂದುಕೊಳ್ಳಿ. ಎದುರಾಳಿ ಎಡಗಡೆಯಿಂದ ಬುಟ್ಟಿಯ ಕಡೆ ನುಗ್ಗುತ್ತಾನೆ. ಹುಡುಗ ತನ್ನವನನ್ನು ಬಿಟ್ಟು ಎರಡು ಹೆಜ್ಜೆ ಒಳಗೆ ಬಂದು ಅಡ್ಡ ನಿಲ್ಲಬೇಕು. ಚೆಂಡು ಮೂಲೆಗೆ ಹಾರಿದ ಕೂಡಲೇ ವಾಪಸ್ ಓಡಬೇಕು. ಓಡುವಾಗ ಕೊನೆಯ ಮೂರ್ನಾಲ್ಕು ಹೆಜ್ಜೆ ಚಿಕ್ಕದಾಗಬೇಕು, ಸೊಂಟ ತಗ್ಗಬೇಕು, ಒಂದು ಕೈ ಮೇಲೆ ಇರಬೇಕು. ಎಳಸು ಆಟಗಾರ ಉದ್ದ ಹೆಜ್ಜೆಯಲ್ಲೇ ಹಾರಿ ಬರುತ್ತಾನೆ. ಶೂಟರ್ ಎಸೆಯುವ ಹಾಗೆ ನಾಟಕ ಆಡಿ ಪಕ್ಕದಿಂದ ಜಾರುತ್ತಾನೆ. ಅಲ್ಲಿಗೆ ಡಿಫೆನ್ಸ್ ಚೆಲ್ಲಾಪಿಲ್ಲಿ.

ಇದನ್ನು ನವೆಂಬರ್‌ನಲ್ಲಿ ಹತ್ತು ಸಲ ನೋಡಿ, ಫೆಬ್ರುವರಿಯಲ್ಲಿ ಹತ್ತು ಸಲ ನೋಡಿ. ಹೆಜ್ಜೆ ಚಿಕ್ಕದಾಗಿದ್ದರೆ ಹುಡುಗ ಕಲಿಯುತ್ತಿದ್ದಾನೆ ಅಂತ ಅರ್ಥ, ಸ್ಕೋರ್ ಎಷ್ಟೇ ಇರಲಿ. ಅದೇ ಉದ್ದ ಹೆಜ್ಜೆ ಇದ್ದರೆ 20 ಪಾಯಿಂಟ್ ಹೊಡೆದ ರಾತ್ರಿಯೂ ನನಗೆ ಸಮಾಧಾನ ಇರುವುದಿಲ್ಲ.

ಇನ್ನೊಂದು ಸಣ್ಣ ವಿಷಯ. ಚೆಂಡು ಕಳೆದುಕೊಂಡ ಮರುಕ್ಷಣ ಅವನ ಕಣ್ಣು ಎಲ್ಲಿ ಹೋಗುತ್ತದೆ? ರೆಫರಿ ಕಡೆಗಾ, ಬೆಂಚಿನ ಕಡೆಗಾ, ಓಡುತ್ತಿರುವ ಎದುರಾಳಿಯ ಕಡೆಗಾ? ಕೋಚ್‌ಗಳು ಇದನ್ನೂ ಗಮನಿಸುತ್ತಾರೆ.

ಹುಡುಗನ ತಲೆ ಕೆಟ್ಟಿದೆ, ಧೈರ್ಯ ಇಲ್ಲ ಅಂತಾರಲ್ಲ. ನಿಜಾನಾ?

ಹಾಗೆ ಹೇಳುವ ಮೊದಲು ಡಾಕ್ಟರನ್ನು ಕೇಳಬೇಕು. ಮಾರ್ಕೆಲ್ ಫುಲ್ಟ್ಸ್ 2017ರ ಮೊದಲ ಆಯ್ಕೆ. ಕಾಲೇಜಿನಲ್ಲಿ ಚೆನ್ನಾಗಿಯೇ ಎಸೆಯುತ್ತಿದ್ದವನು. ಫಿಲಡೆಲ್ಫಿಯಾಗೆ ಬಂದ ಮೇಲೆ ಎಸೆಯುವುದೇ ಮರೆತವನ ಹಾಗಾದ. 2018ರ ನವೆಂಬರ್‌ನಲ್ಲಿ ಒಂದು ಫ್ರೀ ಥ್ರೋ ಎಸೆಯಲು ಕೈ ಎತ್ತಿದ, ಮಧ್ಯದಲ್ಲಿ ತಡವರಿಸಿ ನಿಲ್ಲಿಸಿದ, ಮತ್ತೆ ಎಸೆದ. ಆ ತುಣುಕನ್ನು ಲಕ್ಷಾಂತರ ಜನ ನೋಡಿ ನಕ್ಕರು. ಎಲ್ಲರ ಬಾಯಲ್ಲೂ ಒಂದೇ ಮಾತು, ಮನಸ್ಸಿನ ಕಾಯಿಲೆ ಅಂತ.

ಮುಂದಿನ ತಿಂಗಳು ಥೊರಾಸಿಕ್ ಔಟ್‌ಲೆಟ್ ಸಿಂಡ್ರೋಮ್ ಅಂತ ಪತ್ತೆಯಾಯಿತು. ಕುತ್ತಿಗೆ ಮತ್ತು ಭುಜದ ನಡುವೆ ನರಗಳು ಒತ್ತಿಹೋಗುವ ಸಮಸ್ಯೆ ಅದು. ಆಮೇಲೆ ಒರ್ಲ್ಯಾಂಡೊದಲ್ಲಿ 2019-20ರಲ್ಲಿ 72 ಪಂದ್ಯ ಆಡಿದ, ಸರಾಸರಿ 12 ಪಾಯಿಂಟ್ ದಾಟಿತು. ಸೂಪರ್‌ಸ್ಟಾರ್ ಆಗಲಿಲ್ಲ, ಆದರೆ ಆಡಬಲ್ಲ ಆಟಗಾರನಾದ.

ಮನಸ್ಸಿನ ಸಮಸ್ಯೆಯೇ ಇದ್ದರೂ ಅದೂ ಸಮಸ್ಯೆಯೇ, ಅದಕ್ಕೂ ಚಿಕಿತ್ಸೆ ಇದೆ. ಧೈರ್ಯ ಇಲ್ಲ ಅಂತ ಷರಾ ಬರೆದರೆ ಯಾವ ಆಟಗಾರನೂ ಸುಧಾರಿಸುವುದಿಲ್ಲ.

ಜಿ ಲೀಗಿಗೆ ಕಳಿಸಿದ್ರೆ ಅವಮಾನ ಅಲ್ವಾ?

ಹಿಂದೆ ಹಾಗಿತ್ತು. 2001ರಲ್ಲಿ ಈ ಕಿರಿಯ ಲೀಗ್ ಶುರುವಾದಾಗ ಅಲ್ಲಿಗೆ ಹೋದವನನ್ನು ಮರೆತುಬಿಡುತ್ತಿದ್ದರು. ಈಗ ಬಹುಪಾಲು ಎನ್‌ಬಿಎ ತಂಡಗಳಿಗೆ ತಮ್ಮದೇ ಜಿ ಲೀಗ್ ತಂಡ ಇದೆ. ಅದೇ ತಂತ್ರ, ಆಟದ ನಡುವೆ ಕೂಗಿ ಹೇಳುವ ಅದೇ ಸಂಕೇತಗಳು. ಎನ್‌ಬಿಎ ಒಪ್ಪಂದದಲ್ಲಿರುವವನನ್ನು ಕಳಿಸಿದರೆ ಸಂಬಳವೂ ಕಡಿಮೆಯಾಗುವುದಿಲ್ಲ.

ಸಿಯಾಕಮ್ ಮೊದಲ ವರ್ಷ ಟೊರಾಂಟೊದಲ್ಲಿ ಜಾಗ ಕಳೆದುಕೊಂಡು ಕಿರಿಯ ತಂಡಕ್ಕೆ ಹೋದ. ಅಲ್ಲಿ 2017ರಲ್ಲಿ ಕಪ್ ಗೆದ್ದು ಫೈನಲ್ಸ್‌ನ ಅತ್ಯುತ್ತಮ ಆಟಗಾರನಾದ. ಪೂಲ್ ಕೂಡ ಎರಡನೇ ಸೀಸನ್ನಿನ ನಡುವೆ ಹೋಗಿಬಂದವನೇ. ಇಬ್ಬರಿಗೂ ಅಲ್ಲಿ ಸಿಕ್ಕಿದ್ದು ಒಂದೇ: ತಪ್ಪು ಮಾಡಿದ ಮೇಲೂ ಮೈದಾನದಲ್ಲೇ ಇರುವ ಅವಕಾಶ.

ಏನು ಕಲಿತು ಬರಬೇಕು ಅಂತ ಹೇಳದೆ, ಕಣ್ಣಿಂದ ದೂರ ಇರಲಿ ಅಂತ ಕಳಿಸಿದರೆ ಅದು ಅವಮಾನವೇ. 2009ರ ಎರಡನೇ ಆಯ್ಕೆ ಹಶೀಮ್ ಥಬೀಟ್ ಮೊದಲ ಸೀಸನ್ನಿನಲ್ಲೇ ಅಲ್ಲಿಗೆ ಹೋಗಿ ಬಂದ. ಅವನ ಆಟ ಕೊನೆಗೂ ಕೂಡಿಬರಲಿಲ್ಲ.

## ತಂಡ ಕಟ್ಟುವವರ ಪ್ರಶ್ನೆಗಳು

ಗೆಲ್ಲೋ ತಂಡಕ್ಕೆ ಹುಡುಗನನ್ನು ಬೆಳೆಸೋ ಪುರಸೊತ್ತು ಎಲ್ಲಿದೆ?

ಪುರಸೊತ್ತು ಇಲ್ಲದಿದ್ದರೆ ಬೇಗ ಕೊಟ್ಟುಬಿಡಬೇಕು. ಈ ವಿಷಯದಲ್ಲಿ ನನ್ನದು ಕಟ್ಟುನಿಟ್ಟಾದ ಅಭಿಪ್ರಾಯ. ಆಡಿಸಿ ಇಟ್ಟುಕೊಳ್ಳಿ, ಇಲ್ಲವೇ ಕೊಡಿ. ಆಡಿಸದೆ ಇಟ್ಟುಕೊಳ್ಳುವುದಕ್ಕಿಂತ ಕೆಟ್ಟ ತೀರ್ಮಾನ ಇನ್ನೊಂದಿಲ್ಲ. ಆಟಗಾರ ಬೆಳೆಯುವುದಿಲ್ಲ, ಅವನ ಬೆಲೆ ತಿಂಗಳು ತಿಂಗಳಿಗೂ ಇಳಿಯುತ್ತದೆ, ತಂಡಕ್ಕೆ ಅವನ ಬಗ್ಗೆ ಹೊಸದೇನೂ ಗೊತ್ತಾಗುವುದೂ ಇಲ್ಲ.

ಡಾರ್ಕೊ ಮಿಲಿಚಿಚ್ 2003ರ ಎರಡನೇ ಆಯ್ಕೆ. ಅವನ ನಂತರ ಹೋದವರು ಕಾರ್ಮೆಲೊ ಆಂಥೊನಿ, ಕ್ರಿಸ್ ಬಾಷ್, ಡ್ವೇನ್ ವೇಡ್. ಮೊದಲ ಸೀಸನ್ನಿನಲ್ಲಿ 34 ಪಂದ್ಯದಲ್ಲಿ ಕಾಣಿಸಿಕೊಂಡ, ಪಂದ್ಯಕ್ಕೆ ಸರಾಸರಿ ಐದು ನಿಮಿಷವೂ ಇಲ್ಲ. ಡೆಟ್ರಾಯಿಟ್ ಅದೇ ವರ್ಷ ಚಾಂಪಿಯನ್ ಆಯಿತು, ಹಾಗಾಗಿ ಯಾರೂ ಬೈಯಲಿಲ್ಲ. 2006ರ ಫೆಬ್ರುವರಿಯಲ್ಲಿ ಒರ್ಲ್ಯಾಂಡೊಗೆ ಕಳಿಸಿದಾಗಲೂ ಅವನಿಗೆ ಏನು ಬರುತ್ತದೆ, ಏನು ಬರುವುದಿಲ್ಲ ಅಂತ ಖಚಿತವಾಗಿ ಹೇಳಬಲ್ಲವರು ಇರಲಿಲ್ಲ.

ಜೇಮ್ಸ್ ವೈಸ್‌ಮನ್‌ನದು ಇನ್ನೂ ಜಟಿಲ. 2020ರ ಎರಡನೇ ಆಯ್ಕೆ, ಕಾಲೇಜಿನಲ್ಲಿ ಆಡಿದ್ದು ಮೂರೇ ಪಂದ್ಯ. ಸೇರಿದ್ದು ಸ್ಟೆಫ್ ಕರಿ ಇದ್ದ ಗೋಲ್ಡನ್ ಸ್ಟೇಟ್. ಆ ತಂಡದ ಆಟ ಅಂದರೆ ನಿಲ್ಲದ ಓಟ, ನೋಡದೆ ಕೊಡುವ ಪಾಸ್. ಅನುಭವಿಗಳಿಗೇ ಒಗ್ಗಲು ಸಮಯ ಬೇಕು. 39 ಪಂದ್ಯ ಆದ ಮೇಲೆ ಮಂಡಿ ಹೋಯಿತು, ಮುಂದಿನ ಸೀಸನ್ ಪೂರ್ತಿ ಹೊರಗೆ. ಆ ಸೀಸನ್ನಿನಲ್ಲೇ ತಂಡ ಕಪ್ ಗೆದ್ದಿತು. ಒಂದು ಕಡೆ ಕಪ್, ಇನ್ನೊಂದು ಕಡೆ ಕಲಿಯಬೇಕಾದ ಹುಡುಗ. ಎರಡನ್ನೂ ಒಟ್ಟಿಗೆ ನಡೆಸುತ್ತೇವೆ ಅಂದವರು 2023ರ ಫೆಬ್ರುವರಿಯಲ್ಲಿ ಅವನನ್ನು ಕೊಟ್ಟು, ತಮ್ಮ ಹಳೆಯ ಆಟಗಾರ ಗ್ಯಾರಿ ಪೇಟನ್ ಎರಡನೆಯವನನ್ನು ವಾಪಸ್ ತಂದರು. ನನ್ನ ದೃಷ್ಟಿಯಲ್ಲಿ ಆ ಟ್ರೇಡ್ ಸರಿ, ಆದದ್ದು ತಡವಾಗಿ.

ಜರ್ಮೇನ್ ಓನೀಲ್ ಪೋರ್ಟ್‌ಲ್ಯಾಂಡಿನ ಬೆಂಚಿನಲ್ಲಿ ನಾಲ್ಕು ವರ್ಷ ಕೂತ. 2000ದಲ್ಲಿ ಇಂಡಿಯಾನಾಗೆ ಹೋದ ಕೂಡಲೇ ನಿಮಿಷ ಸಿಕ್ಕಿತು. 2002ರಲ್ಲಿ ಅತಿ ಹೆಚ್ಚು ಸುಧಾರಿಸಿದ ಆಟಗಾರ, ಒಟ್ಟು ಆರು ಸಲ ಆಲ್ ಸ್ಟಾರ್, ಅಂದರೆ ಲೀಗಿನ ಉತ್ತಮ ಆಟಗಾರರ ವಾರ್ಷಿಕ ಪ್ರದರ್ಶನ ಪಂದ್ಯಕ್ಕೆ ಆಯ್ಕೆ.

ನಾವು ಬಿಟ್ಟವನು ಬೇರೆ ಕಡೆ ಹೋಗಿ ಸ್ಟಾರ್ ಆದ್ರೆ? ಮುಖ ಎಲ್ಲಿಡೋದು?

ಬದಲಿಗೆ ಏನು ಬಂತು ಅಂತ ನೋಡಿ. ಸ್ಟೀವ್ ನ್ಯಾಷ್‌ನನ್ನು ಫೀನಿಕ್ಸ್ 1998ರಲ್ಲಿ ಡಲ್ಲಾಸ್‌ಗೆ ಕೊಟ್ಟಿತು. ಅಲ್ಲಿ ಮೊದಲ ಸೀಸನ್ನಿನಲ್ಲಿ ತವರಿನ ಪ್ರೇಕ್ಷಕರೇ ಅವನನ್ನು ಕೂಗಿ ಅಣಕಿಸಿದರು. ಮುಂದೆ 2005, 2006 ಎರಡು ವರ್ಷವೂ ಲೀಗಿನ ಅತ್ಯುತ್ತಮ ಆಟಗಾರನಾದ. ಹಾಗಾದರೆ ಫೀನಿಕ್ಸ್ ಮೋಸ ಹೋಯಿತಾ? ಆ ಟ್ರೇಡಿನಲ್ಲಿ ಬಂದ ಡ್ರಾಫ್ಟ್ ಹಕ್ಕಿನಲ್ಲೇ ಅವರು 1999ರಲ್ಲಿ ಷಾನ್ ಮೇರಿಯನ್‌ನನ್ನು ತಂದರು. ನ್ಯಾಷ್ 2004ರಲ್ಲಿ ಫೀನಿಕ್ಸ್‌ಗೇ ವಾಪಸ್ ಬಂದ, ಇಬ್ಬರೂ ಜೊತೆಗೆ ಆಡಿದರು.

ಫುಲ್ಟ್ಸ್‌ನನ್ನು ಕೊಟ್ಟಾಗಲೂ ಫಿಲಡೆಲ್ಫಿಯಾ ಕೈ ಸುಟ್ಟುಕೊಂಡಿತು ಅಂತಲೇ ಎಲ್ಲರೂ ಅಂದರು. ಆದರೆ ಬಂದ ಹಕ್ಕಿನಲ್ಲಿ 2020ರಲ್ಲಿ 21ನೇ ಆಯ್ಕೆಯಾಗಿ ಸಿಕ್ಕಿದವನು ಟೈರೀಸ್ ಮ್ಯಾಕ್ಸಿ. ಅವನು 2024ರಲ್ಲಿ ಆಲ್ ಸ್ಟಾರ್.

ಮುಖದ ಚಿಂತೆ ಮಾಡುವ ಮ್ಯಾನೇಜರ್ ಯಾರನ್ನೂ ಮಾರುವುದಿಲ್ಲ. ಕೊನೆಗೆ ಹೇಯ್ಸ್ ವಿಷಯದಲ್ಲಿ ಆದ ಹಾಗೆ ಬರಿಗೈ.

ನಾಲ್ಕನೇ ವರ್ಷ ಬೇಡ ಅಂದುಬಿಟ್ಟು, ಚೆನ್ನಾಗಿ ಆಡಿದ್ರೆ ಮತ್ತೆ ತಗೊಂಡ್ರಾಯ್ತು ಅಲ್ವಾ?

ಈ ಜಾಣತನಕ್ಕೆ ನಿಯಮ ಬಿಡುವುದಿಲ್ಲ. ಆಪ್ಷನ್ ಬೇಡ ಅಂದ ತಂಡ, ಆ ಬೇಸಿಗೆಯಲ್ಲಿ ಅವನಿಗೆ ಆಪ್ಷನ್ನಿನಲ್ಲಿದ್ದ ಮೊತ್ತಕ್ಕಿಂತ ಜಾಸ್ತಿ ಸಂಬಳದಿಂದ ಶುರು ಮಾಡುವಂತಿಲ್ಲ. ಬೇರೆ ತಂಡಗಳಿಗೆ ಈ ಕಟ್ಟು ಇಲ್ಲ. ಹುಡುಗ ಅರಳಿದರೆ ಅವರು ಜಾಸ್ತಿ ಕೊಟ್ಟು ಎತ್ತಿಕೊಂಡು ಹೋಗುತ್ತಾರೆ, ಬೆಳೆಸಿದ ತಂಡ ನೋಡುತ್ತಾ ಇರಬೇಕು. ಅರಳದಿದ್ದರೆ ಉಳಿದದ್ದು ಒಂದು ವರ್ಷದ ಸಣ್ಣ ಸಂಬಳ. ಇವನಿಂದ ಏನೂ ಆಗುವುದಿಲ್ಲ ಅಂತ ಪೂರ್ತಿ ಖಾತ್ರಿ ಇದ್ದರೆ ಮಾತ್ರ ಬೇಡ ಅನ್ನಬೇಕು.

ಈಗ ಹೊಸಬರ ಅಗ್ಗದ ಒಪ್ಪಂದಕ್ಕೆ ಬೆಲೆ ಜಾಸ್ತಿ ಅಂತಾರೆ. ಹಾಗಾದ್ರೆ ಇಟ್ಟುಕೊಳ್ಳೋದೇ ಲಾಭ ಅಲ್ವಾ?

ಅರ್ಧ ಸತ್ಯ. 2024-25ರಲ್ಲಿ ಒಂದು ತಂಡದ ಒಟ್ಟು ಸಂಬಳದ ಮಿತಿ ಸುಮಾರು 14.06 ಕೋಟಿ ಡಾಲರ್ ಇತ್ತು. ಸೆಕೆಂಡ್ ಏಪ್ರನ್ ಅನ್ನುವ ಮೇಲಿನ ಗೆರೆ ಸುಮಾರು 18.89 ಕೋಟಿ ಇತ್ತು. ಆ ಗೆರೆ ದಾಟಿದ ತಂಡ ಎರಡು ಸಣ್ಣ ಸಂಬಳ ಸೇರಿಸಿ ಒಬ್ಬ ದೊಡ್ಡ ಆಟಗಾರನನ್ನು ಟ್ರೇಡಿನಲ್ಲಿ ತರುವಂತಿಲ್ಲ. ಹೊರಗಿನವರನ್ನು ಕನಿಷ್ಠ ಸಂಬಳಕ್ಕಿಂತ ಹೆಚ್ಚು ಕೊಟ್ಟು ಸೇರಿಸಿಕೊಳ್ಳುವುದೂ ಕಷ್ಟ. ಅಂಥ ತಂಡಕ್ಕೆ ಡ್ರಾಫ್ಟಿನಲ್ಲಿ ಬಂದ ಹುಡುಗರೇ ಆಸರೆ. ಮೊದಲ ಸುತ್ತಿನ ಕೊನೆಯ ಆಯ್ಕೆಯವನಿಗೆ ಆ ಸೀಸನ್ನಿನಲ್ಲಿ ಮೊದಲ ವರ್ಷದ ಸಂಬಳ ಸುಮಾರು 25 ಲಕ್ಷ ಡಾಲರ್ ಅಷ್ಟೇ ಇತ್ತು.

ಆದರೆ ಅಗ್ಗ ಅನ್ನುವುದು ಆಡುವವನಿಗೆ ಮಾತ್ರ. ತಂಡದಲ್ಲಿ ಇರುವುದು 15 ಜಾಗ, ಜೊತೆಗೆ ಜಿ ಲೀಗಿನ ಜೊತೆ ಹಂಚಿಕೊಳ್ಳುವ ಮೂರು ಒಪ್ಪಂದ. ಪಂದ್ಯದಲ್ಲಿ ಉಪಯೋಗಕ್ಕೆ ಬಾರದವನು ಅಗ್ಗವಾಗಿದ್ದರೂ ಒಂದು ಜಾಗ ತಿನ್ನುತ್ತಾನೆ. ಮೊದಲ ಆಯ್ಕೆಯವನ ಮೊದಲ ವರ್ಷದ ಸಂಬಳವೇ 2024-25ರಲ್ಲಿ ಸುಮಾರು 1.25 ಕೋಟಿ ಡಾಲರ್ ಇತ್ತು. ಅದನ್ನು ಅಗ್ಗ ಅನ್ನಲೂ ಆಗುವುದಿಲ್ಲ.

ಮೂರು ವರ್ಷ ಆದ್ರೂ ಏನೂ ಗೊತ್ತಾಗ್ತಿಲ್ಲ. ದೊಡ್ಡ ಒಪ್ಪಂದ ಈಗಲೇ ಕೊಡಬೇಕಾ?

ಗೊತ್ತಾಗದಿದ್ದರೆ ಕೊಡಬೇಡಿ. ಮೂರನೇ ಸೀಸನ್ ಮುಗಿದ ಮೇಲೆ, ನಾಲ್ಕನೆಯದು ಶುರುವಾಗುವ ಮುನ್ನ, ಒಪ್ಪಂದ ಮುಂದುವರಿಸುವ ಅವಕಾಶ ಇರುತ್ತದೆ. ಅದನ್ನು ಬಿಟ್ಟರೂ ಹುಡುಗ ಕೈತಪ್ಪುವುದಿಲ್ಲ. ನಾಲ್ಕನೇ ವರ್ಷದ ಕೊನೆಗೆ ತಂಡ ಕ್ವಾಲಿಫೈಯಿಂಗ್ ಆಫರ್ (ಇನ್ನೊಂದು ವರ್ಷದ ಒಪ್ಪಂದದ ಪ್ರಸ್ತಾಪ) ಕೊಟ್ಟರೆ, ಬೇರೆ ತಂಡ ಎಷ್ಟೇ ಹೇಳಿದರೂ ಅಷ್ಟೇ ಕೊಟ್ಟು ಉಳಿಸಿಕೊಳ್ಳುವ ಹಕ್ಕು ಮೂಲ ತಂಡಕ್ಕೆ ಇರುತ್ತದೆ.

ಕಾಯುವುದಕ್ಕೂ ಬೆಲೆ ಇದೆ. ಲೌರಿ ಮಾರ್ಕನೆನ್ ಜೊತೆ ಶಿಕಾಗೊ 2020ರಲ್ಲಿ ಒಪ್ಪಂದ ಮುಂದುವರಿಸಲಿಲ್ಲ. ಮರುವರ್ಷ ಅವನು ಕ್ಲೀವ್‌ಲ್ಯಾಂಡ್‌ಗೆ ಹೋದ, ಅಲ್ಲಿಂದ ಯೂಟಾಗೆ. 2022-23ರಲ್ಲಿ 25.6 ಪಾಯಿಂಟ್ ಸರಾಸರಿಯೊಂದಿಗೆ ಆಲ್ ಸ್ಟಾರ್ ಆದ. ಶಿಕಾಗೊದಲ್ಲಿದ್ದಾಗ ಅವನನ್ನು ಮೂಲೆಯಲ್ಲಿ ನಿಲ್ಲಿಸುತ್ತಿದ್ದರು. ಯೂಟಾದಲ್ಲಿ ಇಡೀ ಆಟ ಅವನ ಸುತ್ತ ಓಡಿತು. ಅವನನ್ನು ಹೀಗೆ ಆಡಿಸಿ ಯಾಕೆ ನೋಡಲಿಲ್ಲ ಅನ್ನುವುದೇ ಶಿಕಾಗೊಗೆ ಕೇಳಬೇಕಾದ ಪ್ರಶ್ನೆ. ದುಡ್ಡಿನದು ಆಮೇಲೆ.

ಕೋಚ್ ಬೇಡ ಅಂತಾರೆ, ಮ್ಯಾನೇಜರ್ ಬೇಕು ಅಂತಾರೆ. ಯಾರ ಮಾತು ನಡೀಬೇಕು?

ಇಬ್ಬರ ಗಡಿಯಾರ ಬೇರೆ ಬೇರೆ. ಕೋಚ್‌ಗೆ ನಾಳೆಯ ಪಂದ್ಯ ಗೆಲ್ಲಬೇಕು, ಸತತ ಸೋತರೆ ಮೊದಲು ಹೋಗುವುದು ಅವರ ಕೆಲಸ. ಹುಡುಗನ ಹಣ್ಣು ಮೂರು ವರ್ಷದ ನಂತರ ಬಂದರೆ, ತಿನ್ನುವವರು ಇನ್ನೊಬ್ಬ ಕೋಚ್.

ಎರಡೂ ಕುರ್ಚಿಯಲ್ಲಿ ಒಬ್ಬರೇ ಕೂತರೆ ಏನಾಗುತ್ತದೆ ಅನ್ನುವುದಕ್ಕೆ 1997-98ರ ಬಾಸ್ಟನ್ ನೋಡಿ. ರಿಕ್ ಪಿಟಿನೊ ಕೋಚೂ ಹೌದು, ಆಟಗಾರರನ್ನು ತರುವ, ಬಿಡುವ ಕೊನೆಯ ಮಾತೂ ಅವರದೇ. ಮೂರನೇ ಆಯ್ಕೆಯಾಗಿ ಬಂದ ಚಾನ್ಸಿ ಬಿಲಪ್ಸ್‌ನನ್ನು 51 ಪಂದ್ಯ ನೋಡಿ ಟೊರಾಂಟೊಗೆ ಕಳಿಸಿದರು. ಬದಲಿಗೆ ಬಂದದ್ದು ಅನುಭವಿ ಕೆನ್ನಿ ಆಂಡರ್ಸನ್. ಬಿಲಪ್ಸ್ ಮತ್ತೂ ಹಲವು ತಂಡ ಅಲೆದು, 2004ರಲ್ಲಿ ಡೆಟ್ರಾಯಿಟ್ ಪರ ಫೈನಲ್ಸ್‌ನ ಅತ್ಯುತ್ತಮ ಆಟಗಾರನಾದ.

ಇಟ್ಟುಕೊಳ್ಳುವುದು, ಬಿಡುವುದು ಮ್ಯಾನೇಜರ್ ಕೈಯಲ್ಲಿರಲಿ, ಎಷ್ಟು ನಿಮಿಷ ಅನ್ನುವುದು ಕೋಚ್ ಕೈಯಲ್ಲಿ. ಆದರೆ ಸೀಸನ್ನಿಗೆ ಮೊದಲೇ ಇಬ್ಬರೂ ಕೂತು ಒಂದು ವಿಷಯ ಬರೆದಿಟ್ಟುಕೊಳ್ಳಬೇಕು: ಪಂದ್ಯದ ಯಾವ ಹೊತ್ತಿನಲ್ಲಿ, ಯಾರ ಜೊತೆ, ಯಾವ ಕೆಲಸಕ್ಕೆ ಹುಡುಗನನ್ನು ಇಳಿಸುವುದು. ಎರಡನೇ ಕ್ವಾರ್ಟರಿನ ಶುರುವಿನ ಆರು ನಿಮಿಷ ಅಂತ ಆದರೂ ಸರಿ. ಎರಡು ಶಾಟ್ ತಪ್ಪಿದ ಕೂಡಲೇ ಆ ಆರು ನಿಮಿಷ ಮೂರಾಗುತ್ತಿದ್ದರೆ, ಮ್ಯಾನೇಜರ್ ಫೆಬ್ರುವರಿಯ ಟ್ರೇಡ್ ಗಡುವಿನವರೆಗೂ ಕಾಯದೆ ಜನವರಿಯಲ್ಲೇ ಬೇರೆ ತಂಡಗಳಿಗೆ ಫೋನ್ ಮಾಡಲು ಶುರು ಮಾಡಬೇಕು.